ಹಳೆಯ ದರಪಟ್ಟಿಯ ಮೇಲೆ ಮಾರಾಟದ ನಿಯಮ: ಪರೀಕ್ಷಿಸುವುದು ಹೇಗೆ?



ಕಳೆದ ವಾರ್ಷಿಕ ಮಹಾಸಭೆಯಲ್ಲಿ ಕೆಲವು ತರುಣ ಸದಸ್ಯರು ಮುಂದಿಟ್ಟ ಸಲಹೆಯೊಂದು ತಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸಂಘವು ಸದಸ್ಯರ ಅಡಿಕೆಯನ್ನು ಒಟ್ಟಾಗಿ ದಾಸ್ತಾನಿಟ್ಟು, ಅದರ ಈಡಿನ ಮೇಲೆ ಸಾಲ ಕೊಟ್ಟು, ಕಂಪ್ಯೂಟರಿನಲ್ಲಿ ಪರೀಕ್ಷಿಸಿದ ಒಂದು ನಿಯಮ 'ಮಾರು' ಎಂದಾಗ ಮಾತ್ರ ಮಾರಬೇಕು ಎಂಬುದೇ ಆ ಸಲಹೆ. ಹಿಂದಿನ ವರ್ಷಗಳ ದರದ ಮೇಲೆ ಈ ನಿಯಮವನ್ನು ಓಡಿಸಿ ನೋಡಿದ್ದೇವೆ, ಕ್ವಿಂಟಾಲಿಗೆ ಇಂತಿಷ್ಟು ಹೆಚ್ಚು ಸಿಗುತ್ತಿತ್ತು ಎಂದು ಅವರು ಅಂಕಿಗಳ ಹಾಳೆಯನ್ನೂ ಹಂಚಿದರು. ಸಭೆಯ ಒಂದು ಕಡೆಯಿಂದ ಚಪ್ಪಾಳೆ ಬಿತ್ತು, ಇನ್ನೊಂದು ಕಡೆಯಿಂದ ನಗು. ಎರಡೂ ಅವಸರದ್ದೇ. ಹಾಳೆಯನ್ನು ಪರಿಶೀಲಿಸಿ ವರದಿ ಕೊಡುವ ಕೆಲಸವನ್ನು ಆಡಳಿತ ಮಂಡಳಿ ಕಾರ್ಯದರ್ಶಿಯಾದ ನಮಗೆ ಒಪ್ಪಿಸಿತು. ವರದಿ ಮಂಡಳಿಗೆ ಸಲ್ಲಿಕೆಯಾಗಿದೆ. ಆದರೆ ಅಡಿಕೆ ತಮ್ಮದು, ಸಾಲವೂ ತಮ್ಮ ಹೆಸರಿನಲ್ಲೇ ಏಳುವುದು. ಆದ್ದರಿಂದ ಲೆಕ್ಕದ ಒಳಹೊರಗು ತಮಗೂ ತಿಳಿದಿರಬೇಕೆಂದು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ನಿಜ ಹೇಳಬೇಕೆಂದರೆ ಈ ವಿದ್ಯೆಯ ಓನಾಮ ನಮಗೆ ಆದದ್ದು ಶಿವಮೊಗ್ಗದಲ್ಲೂ ಅಲ್ಲ, ಮಂಗಳೂರಿನಲ್ಲೂ ಅಲ್ಲ. ಗಂಗಾವತಿ ತಾಲ್ಲೂಕಿನ ಸಾಣಾಪುರದಲ್ಲಿ. ಆನೆಗೊಂದಿಯ ಹತ್ತಿರದ ಊರು. ಸುತ್ತ ಒಂದರ ಮೇಲೊಂದು ಪೇರಿಸಿದಂಥ ಬಂಡೆಗುಡ್ಡಗಳು, ಕೆಳಗೆ ಗದ್ದೆ, ಮಗ್ಗುಲಲ್ಲಿ ತುಂಗಭದ್ರಾ ಕಾಲುವೆಯ ನೀರು ತುಂಬುವ ಕೆರೆ. ಈಚೆಗೆ ಆ ಕೆರೆಯಲ್ಲಿ ತೆಪ್ಪ ಹತ್ತಲು ದೂರದೂರದ ಪ್ರವಾಸಿಗಳೂ ಬರುತ್ತಾರೆ. ಕಾಫಿ ಅಡಿಕೆಯವರಿಗೂ ಆ ಬಿಸಿಲು ಸೀಮೆಗೂ ಎತ್ತಣ ಸಂಬಂಧ ಎನ್ನಬೇಡಿ. ನಮ್ಮ ಗುಡ್ಡಗಳ ಮೇಲೆ ಸುರಿದ ಮಳೆಯೇ ತುಂಗೆಯೂ ಭದ್ರೆಯೂ ಆಗಿ ಕೂಡಲಿಯಲ್ಲಿ ಸೇರಿ ಅವರ ಗದ್ದೆಗೆ ಹರಿಯುವುದು. ನಮಗೆ ಇನ್ನೊಂದು ಸಂಬಂಧವೂ ಉಂಟು: ಅಕ್ಕನ ಮಗಳನ್ನು ಅಲ್ಲಿಗೆ ಕೊಟ್ಟಿದೆ. ಅಳಿಯಂದಿರು ಇಂಜಿನಿಯರಿಂಗ್ ಓದಿ, ಕೆಲವು ವರ್ಷ ಬೆಂಗಳೂರಿನಲ್ಲಿದ್ದು, ಈಗ ಊರಿನಲ್ಲೇ ನೆಲ್ಲು ಬೆಳೆಯುತ್ತಾರೆ. (ಭತ್ತಕ್ಕೆ ಅಲ್ಲಿಯವರು ಹೇಳುವುದು ನೆಲ್ಲು ಎಂದು. ಮಾರುವುದೂ ಕ್ವಿಂಟಾಲಿನ ಲೆಕ್ಕದಲ್ಲಲ್ಲ, 75 ಕೆ.ಜಿ. ಚೀಲದ ಲೆಕ್ಕದಲ್ಲಿ.)

"ಮಾವಾರ, ಕಟಾವು ಆದ ದಿನಾನ ಮಾರಿದ್ರ ಮಿಲ್ಲಿನವ್ರು ಹೇಳಿದ್ದ ರೇಟು ಆಗತೈತಿ. ಅದಕ್ಕ ನಾ ಒಂದು ರೂಲ್ ಮಾಡ್ಕೊಂಡೀನ್ರಿ. ನಿಮ್ಮ ಅಡಿಕಿಗೂ ಮಾಡಿ ನೋಡೂಣೇನ್ರಿ?" ಎಂದರು. ನಾವೂ ಹೂಂ ಅಂದೆವು. ಕೃಷಿ ಮಾರಾಟ ಇಲಾಖೆಯ ಜಾಲತಾಣದಿಂದ ಶಿವಮೊಗ್ಗ ಮಾರುಕಟ್ಟೆಯ ರಾಶಿ ಇಡಿಯ ದರಗಳನ್ನು ಇಳಿಸಿಕೊಂಡು ಎರಡು ರಾತ್ರಿ ಕೂತೆವು. ಮೊದಲ ರಾತ್ರಿ ನಾವಿಬ್ಬರೂ ಲಕ್ಷಾಧೀಶರಾದೆವು. ಎರಡನೆಯ ರಾತ್ರಿ ಮತ್ತೆ ಮೊದಲಿನಂತೆಯೇ ಆದೆವು. ಆ ಎರಡು ರಾತ್ರಿಗಳ ನಡುವೆ ಏನಾಯಿತೆಂಬುದೇ ಈ ಲೇಖನದ ವಿಷಯ. ಮಹಾಸಭೆಯ ಹಾಳೆಯಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಅದೇ ಮಾದರಿಯ ನಿಯಮ, ಅವೇ ಮಾದರಿಯ ತಪ್ಪುಗಳು.

ಮೊದಲು ನಿಯಮ ಎಂದರೇನು ನೋಡೋಣ. 'ದರ ಚೆನ್ನಾಗಿದ್ದಾಗ ಮಾರು' ಎಂಬುದು ನಿಯಮವಲ್ಲ, ಅದು ಆಸೆ. ಯಾರು ಓದಿದರೂ, ಯಾವತ್ತು ಓದಿದರೂ ಒಂದೇ ಉತ್ತರ ಬರುವಂತಿದ್ದರೆ ಮಾತ್ರ ಅದು ನಿಯಮ. ಉದಾಹರಣೆಗೆ: 'ಈ ವಾರದ ದರ ಕಳೆದ 4 ವಾರಗಳ ಸರಾಸರಿಗಿಂತ ಮೇಲಿದ್ದರೆ ಇಟ್ಟುಕೋ, ಕೆಳಗಿಳಿದರೆ ಮಾರು.' ಇದನ್ನು ಕೈಯಲ್ಲೇ ಲೆಕ್ಕ ಮಾಡಬಹುದು. ಲೆಕ್ಕ ಸುಲಭವಾಗಲೆಂದು ನಾವೇ ಕಲ್ಪಿಸಿಕೊಂಡ ದರಗಳಿವು. ಮೊದಲ 4 ವಾರ ಕ್ವಿಂಟಾಲಿಗೆ 44,000, 44,400, 44,800, 45,600 ರೂಪಾಯಿ. ಸರಾಸರಿ 44,700, ನಾಲ್ಕನೆಯ ವಾರದ ದರ ಅದಕ್ಕಿಂತ ಮೇಲಿದೆ, ಇಟ್ಟುಕೊಂಡೆವು. ಐದನೆಯ ವಾರ 45,200. ಈಗ ಮೊದಲ ವಾರವನ್ನು ಬಿಟ್ಟು ಐದನೆಯದನ್ನು ಸೇರಿಸಿದರೆ ಸರಾಸರಿ 45,000. ದರ ಇನ್ನೂ ಮೇಲೆಯೇ ಇದೆ, ಇಟ್ಟುಕೊಂಡೆವು. ಆರನೆಯ ವಾರ 44,000. ಸರಾಸರಿ 44,900. ದರ ಕೆಳಗಾಯಿತು. ಮಾರಬೇಕು.

ಇಷ್ಟನ್ನೇ ಹಿಂದಿನ ಹತ್ತು ಹದಿನೈದು ವರ್ಷಗಳ ದರಪಟ್ಟಿಯ ಮೇಲೆ ವಾರವಾರವೂ ಮಾಡುತ್ತ ಹೋದರೆ, 'ಈ ನಿಯಮದಂತೆ ನಡೆದಿದ್ದರೆ ನಮಗೆ ಏನು ಸಿಗುತ್ತಿತ್ತು' ಎಂಬ ಲೆಕ್ಕ ಬರುತ್ತದೆ. ಬ್ಯಾಕ್‌ಟೆಸ್ಟ್ ಎಂದು ಹುಡುಗರು ಹೇಳುವುದು ಇದಕ್ಕೇ. ಹಿಂದೆ ಕಾಗದ ಪೆನ್ಸಿಲಿನಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತಿದ್ದದ್ದು ಈಗ ಕ್ಷಣದಲ್ಲಿ ಮುಗಿಯುತ್ತದೆ ಎಂಬುದಷ್ಟೇ ಹೊಸತು.

ಮೇಲಿನ ಉದಾಹರಣೆಗೇ ಹಿಂತಿರುಗೋಣ. ಆರನೆಯ ವಾರ ಮಾರಬೇಕು ಎಂದಾಯಿತಷ್ಟೆ. ಯಾವ ದರಕ್ಕೆ ಮಾರಿದೆವು? ಕಂಪ್ಯೂಟರು 44,000 ಎಂದು ಬರೆದುಕೊಂಡಿತ್ತು. ಆದರೆ ಆರನೆಯ ವಾರದ ದರ 44,000 ಎಂದು ನಮಗೆ ತಿಳಿಯುವುದು ಆ ವಾರ ಮುಗಿದ ಮೇಲೆ. ಆಮೇಲೆ ಚೀಲ ಹೊಲಿಸಿ, ವಾಹನ ಗೊತ್ತು ಮಾಡಿ, ಮಂಡಿಗೆ ಸಾಗಿಸಿ ಟೆಂಡರಿಗೆ ಇಡುವಷ್ಟರಲ್ಲಿ ಏಳನೆಯ ವಾರ. ಆ ವಾರದ ದರ 43,300 ಆಗಿದ್ದರೆ ನಮಗೆ ಸಿಕ್ಕುವುದು ಅದೇ. ಕ್ವಿಂಟಾಲಿಗೆ 700 ರೂಪಾಯಿ ಕಾಗದದ ಮೇಲೆಯೇ ಉಳಿಯಿತು. ಮಹಾಸಭೆಯ ಹಾಳೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದರ ಸರಾಸರಿಯ ಗೆರೆಯನ್ನು ಮುಟ್ಟಿದ ಕೂಡಲೇ, ಆ ಗೆರೆಯ ದರಕ್ಕೇ ಮಾರಿದಂತೆ ಬರೆದಿತ್ತು. ಅಂದರೆ 44,900. ನಿಜದಲ್ಲಿ ದರ 45,200ರಿಂದ ನೇರ 44,000ಕ್ಕೆ ಹಾರಿದೆ. ನಡುವೆ 44,900ಕ್ಕೆ ನಿಂತು ನಮ್ಮ ಚೀಲಕ್ಕಾಗಿ ಕಾಯಲಿಲ್ಲ.

ಇದನ್ನು ಕಂಡು ತರುಣರನ್ನು ಹಳಿಯಬೇಕಾಗಿಲ್ಲ. ದೊಡ್ಡ ವಿದ್ವಾಂಸರೂ ಇದೇ ಗುಂಡಿಗೆ ಬಿದ್ದಿದ್ದಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಸಿಡ್ನಿ ಅಲೆಕ್ಸಾಂಡರ್ 1961ರಲ್ಲಿ ಅಲ್ಲಿಯ ಷೇರು ಸೂಚ್ಯಂಕಗಳ ಮೇಲೆ ಇಂಥದೇ ಪರೀಕ್ಷೆ ನಡೆಸಿದರು. ತಳದಿಂದ ಶೇಕಡ ಇಂತಿಷ್ಟು ಏರಿದಾಗ ಕೊಳ್ಳು, ತುದಿಯಿಂದ ಅಷ್ಟೇ ಇಳಿದಾಗ ಮಾರು ಎಂಬುದು ಅವರ ನಿಯಮ. ಭಾರಿ ಲಾಭ ಕಂಡಿತು. ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯದೆ ಜಿಗಿಯುತ್ತದೆ, ನೀವು ಬರೆದುಕೊಂಡ ದರ ಯಾರಿಗೂ ಸಿಕ್ಕಿರಲಾರದು ಎಂದು ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ ತೋರಿಸಿಕೊಟ್ಟರು. ಅಲೆಕ್ಸಾಂಡರ್ ಪ್ರಾಮಾಣಿಕರು, 1964ರಲ್ಲಿ ಲೆಕ್ಕ ತಿದ್ದಿ ಮತ್ತೆ ಪ್ರಕಟಿಸಿದಾಗ ಲಾಭದ ಬಹುಪಾಲು ಕರಗಿತ್ತು. 1966ರಲ್ಲಿ ಫಾಮಾ ಮತ್ತು ಬ್ಲೂಮ್ ಎಂಬಿಬ್ಬರು 30 ಕಂಪನಿಗಳ ಷೇರುಗಳ ಮೇಲೆ ಅದೇ ನಿಯಮವನ್ನು ಹೂಡಿ, ದಲ್ಲಾಳಿಯನ್ನು ಕಳೆದ ಮೇಲೆ ಸುಮ್ಮನೆ ಕೊಂಡಿಟ್ಟುಕೊಂಡವನೇ ಮೇಲು ಎಂದು ಕಂಡುಕೊಂಡರು.

ಇನ್ನು ದರಪಟ್ಟಿಯ ವಿಚಾರ. ಇಲಾಖೆ ದಿನಕ್ಕೆ ಮೂರು ದರ ಕೊಡುತ್ತದೆ: ಕನಿಷ್ಠ, ಗರಿಷ್ಠ, ಮತ್ತು ಹೆಚ್ಚಿನ ಮಾಲು ಮಾರಾಟವಾದ ಸಾಮಾನ್ಯ ದರ. ಮೊದಲ ರಾತ್ರಿ ಅಳಿಯಂದಿರು ಹಿಡಿದದ್ದು ಗರಿಷ್ಠವನ್ನು. ಕಾರಣ ಕೇಳಿದರೆ, "ನಿಮ್ಮ ಅಡಿಕಿ ಚೊಲೋ ಇರತೈತಲ್ರಿ ಮಾವಾರ" ಎಂದರು! ನಮ್ಮ ಮೇಲಿನ ಅಭಿಮಾನಕ್ಕೆ ಸಂತೋಷವೇ. ಆದರೆ ಗರಿಷ್ಠ ದರ ಎಂಬುದು ಆ ದಿನ ಎಲ್ಲಕ್ಕಿಂತ ಚೆನ್ನಾಗಿದ್ದ ಒಂದೇ ಒಂದು ರಾಶಿಯ ದರವಾಗಿರಬಹುದು. ಉಳಿದ ನೂರು ಚೀಲ ಅದರ ಹತ್ತಿರಕ್ಕೂ ಹೋಗಿರದು. ಪತ್ರಿಕೆಯಲ್ಲಿ ಗರಿಷ್ಠ ದರ ಓದಿ ಮಂಡಿಗೆ ಹೋಗಿ ಮುಖ ಸಣ್ಣದು ಮಾಡಿಕೊಂಡು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಮಾನ್ಯ ದರವನ್ನೇ ಹಿಡಿಯಬೇಕು. ತನ್ನ ಮಾಲು ಸಾಮಾನ್ಯವಾಗಿ ಅದಕ್ಕಿಂತ ಎಷ್ಟು ಮೇಲೆ ಕೆಳಗೆ ಹೋಗುತ್ತದೆಂಬುದನ್ನು ಹಳೆಯ ಪಟ್ಟಿಗಳಿಂದ ನೋಡಿ ತಿದ್ದಿಕೊಳ್ಳಬೇಕು.

ಚಾಲಿ ಮಾಡುವವರಿಗೆ ಇನ್ನೊಂದು ತೊಡಕು. ಹೊಸ ಅಡಿಕೆ, ಹಳೆ ಅಡಿಕೆ ಎಂದು ಎರಡು ದರ ನಡೆಯುತ್ತದೆ. ಒಂದು ಹಂತದಲ್ಲಿ ಹೊಸದು ಹಳೆಯದರ ಸಾಲಿಗೆ ಸೇರುತ್ತದೆ. ಎರಡನ್ನೂ ತಿಳಿಯದೆ ಒಂದೇ ಗೆರೆಯಾಗಿ ಜೋಡಿಸಿದರೆ ಚಾರ್ಟಿನಲ್ಲಿ ಒಂದೇ ದಿನ ದೊಡ್ಡ ಏರು ಕಾಣುತ್ತದೆ. ಅದು ಏರು ಅಲ್ಲ, ಬೇರೆ ಮಾಲು. ಕಾಫಿಯಲ್ಲೂ ಹಾಗೆಯೇ: ಚೆರ್ರಿಯ 50 ಕೆ.ಜಿ. ಚೀಲದ ದರ ಔಟ್‌ಟರ್ನ್ ನೋಡಿ ನಿಲ್ಲುತ್ತದೆ. ಪಟ್ಟಿಯಲ್ಲಿ ಮುದ್ರಿತವಾದ ದರ ತನ್ನ ಚೀಲದ ದರವೆಂದು ತಿಳಿಯಬಾರದು. ಮತ್ತೆ, ಪಟ್ಟಿಯಲ್ಲಿ ಖಾಲಿ ಇರುವ ದಿನಗಳು. 2016ರ ನವೆಂಬರಿನ ನೋಟು ರದ್ದತಿಯ ವಾರಗಳು, 2020ರ ಮಾರ್ಚ್ ಕೊನೆಯ ಲಾಕ್‌ಡೌನ್. ಕಂಪ್ಯೂಟರು ಖಾಲಿ ಜಾಗಕ್ಕೆ ಹಿಂದಿನ ವಾರದ ದರವನ್ನೇ ತುಂಬಿಕೊಂಡು 'ಮಾರಿದೆ' ಎನ್ನುತ್ತದೆ. ಮಂಡಿಯ ಬಾಗಿಲೇ ಮುಚ್ಚಿದ್ದಾಗ ಮಾರಿದ್ದು ಯಾರಿಗೆ?

ಖರ್ಚಿನ ಲೆಕ್ಕದಲ್ಲಿ ನಮ್ಮ ಬೆಳೆಗಾರರಷ್ಟು ಉದಾರಿಗಳು ಬೇರೆ ಇಲ್ಲ. ಜನವರಿಯಲ್ಲಿ 45,000 ಇದ್ದದ್ದು ಆಗಸ್ಟಿನಲ್ಲಿ 49,000 ಆಯಿತೆಂದರೆ 4,000 ಲಾಭವಾಯಿತೆಂದೇ ಊರಿಗೆಲ್ಲ ಹೇಳುತ್ತೇವೆ. ಲೆಕ್ಕ ಮಾಡಿ ನೋಡಿ. 45,000ಕ್ಕೆ ಶೇಕಡ 11ರ ಬಡ್ಡಿ 7 ತಿಂಗಳಿಗೆ ಸುಮಾರು 2,888 ರೂಪಾಯಿ. ತೂಕದಲ್ಲಿ ಶೇಕಡ ಒಂದೂವರೆ ಇಳಿದರೂ 735. ಚೀಲ, ಮತ್ತೆ ಒಣಗಿಸಿದ ಆಳು, ಗೋದಾಮು ಎಂದು 150 ಹಿಡಿಯಿರಿ. ಒಟ್ಟು 3,773. ಉಳಿದದ್ದು 227 ರೂಪಾಯಿ; ಹುಳ ಹಿಡಿಯದೆ ಇದ್ದರೆ. (ಈ ಬಡ್ಡಿ, ಇಳುವರಿಗಳೂ ಉದಾಹರಣೆಗೆ ಹಿಡಿದವು. ತಮ್ಮ ತಮ್ಮ ಲೆಕ್ಕ ಹಾಕಿಕೊಳ್ಳಬೇಕು.) ಸಾಲವನ್ನೇ ಮಾಡದವರಿಗೆ ಬಡ್ಡಿ ಎಲ್ಲಿಯದು ಎಂದು ಒಬ್ಬ ಹಿರಿಯ ಸದಸ್ಯರು ಕೇಳಿದರು. ಜನವರಿಯಲ್ಲೇ ಮಾರಿ ಆ ಹಣವನ್ನು ಸಂಘದಲ್ಲಿ ಠೇವಣಿ ಇಟ್ಟಿದ್ದರೆ ಬರುತ್ತಿದ್ದ ಬಡ್ಡಿ ಎಲ್ಲಿ ಹೋಯಿತು ಎಂದು ನಾವು ಕೇಳಿದೆವು. ದರ ಸ್ವಲ್ಪ ಕಡಿಮೆ ಇರಬಹುದು, ಆದರೆ ಸೊನ್ನೆಯಲ್ಲ.

ಈ ತಿದ್ದುಪಡಿಗಳನ್ನೆಲ್ಲ ಮಾಡಿದ ಮೇಲೂ ಅಳಿಯಂದಿರ ನಿಯಮದಲ್ಲಿ ಒಂದಿಷ್ಟು ಲಾಭ ಉಳಿದೇ ಇತ್ತು. ಅವರು ಹಿಡಿದದ್ದು 4 ವಾರವಲ್ಲ, ಬೇರೆ ಅಂಕಿ. ಆ ಅಂಕಿ ಯಾಕೆ ಎಂದೆವು. ಮೂರರಿಂದ ನಲವತ್ತು ವಾರಗಳವರೆಗೆ ಒಂದೊಂದನ್ನೂ ಓಡಿಸಿ, ಯಾವ ತಿಂಗಳಿಂದ ನೋಡಲು ಶುರು ಮಾಡಬೇಕು ಎಂಬುದನ್ನೂ ಬದಲಿಸಿ, ಎಲ್ಲಕ್ಕಿಂತ ಹೆಚ್ಚು ಹಣ ಬಂದದ್ದನ್ನು ಆರಿಸಿಕೊಂಡೆ ಎಂದರು. ಅಲ್ಲಿದೆ ನೋಡಿ ಎಲ್ಲಕ್ಕಿಂತ ಆಳದ ಗುಂಡಿ.

1,024 ಜನರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೈಗೂ ಒಂದು ನಾಣ್ಯ ಕೊಡಿ. ಪ್ರತಿಯೊಬ್ಬರೂ 10 ಸಲ ಚಿಮ್ಮಲಿ. ಹತ್ತಕ್ಕೆ ಹತ್ತೂ ತಲೆಯೇ ಬೀಳುವವನು ಸರಾಸರಿ ಒಬ್ಬ ಸಿಗುತ್ತಾನೆ. ಅವನ ಕೈಗುಣ ದೊಡ್ಡದೆಂದು ಅವನಿಗೆ ಹಾರ ಹಾಕಿ ಹನ್ನೊಂದನೆಯ ಸಲ ಅವನ ಮೇಲೆ ಪಣ ಕಟ್ಟಿದರೆ ಏನಾದೀತು? ಅವನ ಹನ್ನೊಂದನೆಯ ಚಿಮ್ಮು ಎಲ್ಲರದರಂತೆ ಅರ್ಧಕ್ಕರ್ಧ. ನೂರಾರು ನಿಯಮಗಳನ್ನು ಓಡಿಸಿ ಗೆದ್ದದ್ದನ್ನು ಮಾತ್ರ ಹಾಳೆಯಲ್ಲಿ ಅಚ್ಚು ಮಾಡುವುದೂ ಹೀಗೆಯೇ. ಸೋತ ನಿಯಮಗಳ ಪಟ್ಟಿಯನ್ನು ಯಾರೂ ಹಂಚುವುದಿಲ್ಲ.

ಇದಕ್ಕೆ ಮರುಮಾತು ಹೀಗೆ ಬಂತು: "ಹತ್ತು ಸಲ ಅಲ್ರಿ ಮಾವಾರ, ಸಾವಿರಾರು ದಿನದ ರೇಟು ಐತಲ್ರಿ." ದಿನಗಳು ಸಾವಿರಾರು ಇರಬಹುದು. ಆದರೆ ನಮಗೆ ವರ್ಷಕ್ಕೆ ಒಂದೇ ಬೆಳೆ. ಇಟ್ಟುಕೊಳ್ಳುವುದೋ ಮಾರುವುದೋ ಎಂಬ ತೀರ್ಮಾನ ವರ್ಷಕ್ಕೆ ಒಂದೇ ಸಲ ಫಲ ಕೊಡುವುದು. ಹನ್ನೆರಡು ವರ್ಷದ ದರಪಟ್ಟಿ ಎಂದರೆ ಹನ್ನೆರಡು ಸಾಕ್ಷಿಗಳು, ನಾಲ್ಕು ಸಾವಿರವಲ್ಲ. ಅದರಲ್ಲೂ ಎಲ್ಲ ಸಾಕ್ಷಿಗಳ ತೂಕ ಒಂದೇ ಅಲ್ಲ. 2014ರಲ್ಲಿ ರಾಶಿ ಇಡಿ ಕಂಡ ದರ, ಮರುವರ್ಷ ಅದು ಕುಸಿದ ರೀತಿ ಯಾರಿಗೆ ನೆನಪಿಲ್ಲ? ಏರುವಾಗ ಇಟ್ಟುಕೊಳ್ಳುವ ಯಾವ ನಿಯಮವಾದರೂ ಆ ವರ್ಷ ಬಂಗಾರವೇ. ಅದೊಂದು ವರ್ಷವನ್ನು ಬಿಟ್ಟು ಕೂಡಿ ನೋಡಿ ಎಂದೆವು. ಕೂಡಿದರು. ಉಳಿದ ಎಲ್ಲ ವರ್ಷಗಳ ಹೆಚ್ಚುವರಿ ಸೇರಿ ಬಡ್ಡಿಗೂ ಸಾಲದಾಯಿತು. ಅಷ್ಟೇ ಅಲ್ಲ, 2014ರ ಏರು ಬಂದಾಗ ನಮ್ಮ ಎಷ್ಟು ಮಂದಿ ಸಣ್ಣ ಹಿಡುವಳಿದಾರರ ಮನೆಯಲ್ಲಿ ಮಾರಲು ಅಡಿಕೆ ಉಳಿದಿತ್ತು? ಚಾರ್ಟಿನ ಗೋದಾಮು ಯಾವಾಗಲೂ ತುಂಬಿರುತ್ತದೆ. ಅದಕ್ಕೆ ಕೊಯ್ಲಿನ ಕೂಲಿ ಕೊಡಬೇಕಾಗಿಲ್ಲ, ಮಗಳ ಕಾಲೇಜಿನ ಫೀಸು ಕಟ್ಟಬೇಕಾಗಿಲ್ಲ, ಆಸ್ಪತ್ರೆಗೆ ಹೋಗಬೇಕಾಗಿಲ್ಲ.

ಈ ತಪ್ಪನ್ನು ಹುಡುಗರೇ ಮಾಡುತ್ತಾರೆಂದು ತಿಳಿಯಬೇಡಿ. ನಮ್ಮ ತಂದೆಯವರದ್ದೂ ಒಂದು ನಿಯಮವಿತ್ತು: ಚೌತಿ ಕಳೆಯದೆ ಮಾರಬಾರದು. ನಾವೂ ಅದನ್ನೇ ಪಾಲಿಸಿಕೊಂಡು ಬಂದು, ಸಂಘಕ್ಕೆ ಬಂದವರಿಗೆ ಬುದ್ಧಿಯನ್ನೂ ಹೇಳುತ್ತಿದ್ದೆವು. ಸಾಣಾಪುರದಿಂದ ಬಂದ ಮೇಲೆ ಅಟ್ಟದಿಂದ ಅವರ ಲೆಕ್ಕದ ಪುಸ್ತಕಗಳನ್ನು ಇಳಿಸಿ ನೋಡಿದೆವು. ಚೌತಿಯ ನಂತರ ಏರಿದ ವರ್ಷಗಳೂ ಇಳಿದ ವರ್ಷಗಳೂ ಹೆಚ್ಚುಕಡಿಮೆ ಸಮ. ಏರಿದ ವರ್ಷಗಳ ಕತೆಯನ್ನು ಮಾತ್ರ ಊಟದ ಹೊತ್ತಿನಲ್ಲಿ ಹೇಳುತ್ತಿದ್ದರು. ಇಳಿದ ವರ್ಷ ಸುಮ್ಮನೆ ಕೈ ತೊಳೆದು ಏಳುತ್ತಿದ್ದರೆಂದು ಈಗ ಹೊಳೆಯುತ್ತದೆ. ಹಳೆಯ ದರದ ಪರೀಕ್ಷೆಯಿಂದ ಒಂದು ಉಪಕಾರವಂತೂ ಉಂಟು. ನೆನಪು ಮುಚ್ಚಿಟ್ಟದ್ದನ್ನು ಅದು ತೆಗೆದು ತೋರಿಸುತ್ತದೆ.

ಹಾಗಾದರೆ ಪ್ರಾಮಾಣಿಕವಾಗಿ ಪರೀಕ್ಷಿಸುವುದು ಹೇಗೆ? ಎರಡನೆಯ ರಾತ್ರಿ ನಾವು ಮಾಡಿದ್ದು ಇಷ್ಟು. ಪಟ್ಟಿಯನ್ನು ಎರಡು ತುಂಡು ಮಾಡಿದೆವು. ಮೊದಲ ತುಂಡಿನ ಮೇಲೆ ಬೇಕಾದಷ್ಟು ಆಟವಾಡಿ, ಒಂದೇ ಒಂದು ನಿಯಮವನ್ನು ಆರಿಸಿ, ಹಾಳೆಯಲ್ಲಿ ಬರೆದು ಸಹಿ ಹಾಕಬೇಕು. ಎರಡನೆಯ ತುಂಡನ್ನು ಅದುವರೆಗೆ ಮುಟ್ಟಬಾರದು. ಬರೆದ ಮೇಲೆ ಒಂದೇ ಸಲ ಅದರ ಮೇಲೆ ಓಡಿಸಬೇಕು. ಬಂದದ್ದು ಬಂತು. ಚೆನ್ನಾಗಿಲ್ಲವೆಂದು ಹಿಂದೆ ಹೋಗಿ ನಿಯಮವನ್ನು ತಿದ್ದಿ ಮತ್ತೆ ಓಡಿಸಿದರೆ, ಪ್ರಶ್ನೆಪತ್ರಿಕೆ ನೋಡಿಕೊಂಡು ಓದಿದ ಹಾಗೆ. ನಮ್ಮ ಪ್ರಯೋಗದಲ್ಲಿ ಮೊದಲ ತುಂಡಿನಲ್ಲಿ ಗೆದ್ದ ವಾರದ ಅಂಕಿಯೇ ಬೇರೆಯಾಯಿತು. ಎರಡನೆಯ ತುಂಡಿನಲ್ಲಿ ಅದು ಸಾಧಾರಣವಾಗಿ ಓಡಿತು. ಒಂದು ವಾರ ಹೆಚ್ಚು ಕಡಿಮೆ ಮಾಡಿದರೆ ಫಲ ಅತ್ತಿಂದಿತ್ತ ಆಗುವ ನಿಯಮವನ್ನು ನಂಬಬಾರದೆಂಬುದೂ ಆಗಲೇ ಗೊತ್ತಾಯಿತು. 9 ವಾರಕ್ಕೂ 11 ವಾರಕ್ಕೂ ನಷ್ಟ, ಸರಿಯಾಗಿ 10ಕ್ಕೆ ಮಾತ್ರ ಲಾಭ ಎಂದರೆ ಅದು ಮಾರುಕಟ್ಟೆಯ ಗುಣವಲ್ಲ, ಕಾಕತಾಳೀಯ.

ಏನಕ್ಕೆ ಹೋಲಿಸುತ್ತೇವೆ ಎಂಬುದೂ ಮುಖ್ಯ. ಮಹಾಸಭೆಯ ಹಾಳೆ ಕೊಯ್ಲಿನ ತಿಂಗಳಲ್ಲೇ ಎಲ್ಲವನ್ನೂ ಮಾರಿದವನಿಗೆ ಹೋಲಿಸಿತ್ತು. ನಮ್ಮಲ್ಲಿ ಹಾಗೆ ಮಾರುವವರು ಕೆಲವರೇ. ಮೂರು ಪಾಲು ಮಾಡಿ, ಒಂದನ್ನು ಕೊಯ್ಲಿನ ಖರ್ಚಿಗೆ, ಒಂದನ್ನು ಮಳೆಗಾಲಕ್ಕೆ ಮುಂಚೆ, ಒಂದನ್ನು ಚೌತಿ ಆಸುಪಾಸಿನಲ್ಲಿ ಕೊಡುವವರೇ ಹೆಚ್ಚು. ಯಾವ ಚಾರ್ಟೂ ಬೇಡದ ಈ ಹಳೆಯ ಪದ್ಧತಿಗೆ ಹೋಲಿಸಿದಾಗ ನಿಯಮದ ಮೇಲುಗೈ ಮತ್ತೂ ತೆಳುವಾಯಿತು. ಸರಾಸರಿಯನ್ನು ಬಿಟ್ಟು ಅತಿ ಕೆಟ್ಟ ವರ್ಷವನ್ನು ಹೋಲಿಸಿದಾಗಲಂತೂ ಮೂರು ಪಾಲಿನವನೇ ನೆಮ್ಮದಿಯಿಂದಿದ್ದ. ಎರಡು ಎಕರೆ ತೋಟದವನಿಗೆ ಹತ್ತು ವರ್ಷದ ಸರಾಸರಿಗಿಂತ ಆ ಒಂದು ಕೆಟ್ಟ ವರ್ಷವನ್ನು ದಾಟುವುದೇ ಪ್ರಶ್ನೆ. ಸಾಲದ ಕಂತು ಸರಾಸರಿಯಲ್ಲಿ ಬರುವುದಿಲ್ಲ.

ಇನ್ನು, ಹಳೆಯ ದರ ಎಷ್ಟು ಹಳೆಯದಿರಬೇಕು? ಹೆಚ್ಚು ವರ್ಷ ಇದ್ದಷ್ಟೂ ಒಳ್ಳೆಯದೆಂದು ತೋರುತ್ತದೆ. ಕಾಫಿಯನ್ನೇ ತೆಗೆದುಕೊಳ್ಳಿ. 1942ರ ಕಾಫಿ ಕಾಯಿದೆಯಿಂದ ತೊಡಗಿ ದಶಕಗಳ ಕಾಲ ನಾವೆಲ್ಲ ಕಾಫಿಯನ್ನು ಮಂಡಳಿಯ ಪೂಲಿಗೆ ಹಾಕಿ, ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಹಣ ಪಡೆಯುತ್ತಿದ್ದೆವು. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲವಾಗಿ, 1996ರಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ಣ ಮುಕ್ತ ಮಾರಾಟ ಸಿಕ್ಕಿತು. ಅದಕ್ಕೆ ಹಿಂದಿನ ದರದ ಮೇಲೆ 'ಯಾವಾಗ ಮಾರಬೇಕು' ಎಂಬ ನಿಯಮವನ್ನು ಪರೀಕ್ಷಿಸಿದರೆ ಅರ್ಥವೇನು? ಮಾರುವ ದಿನ ನಮ್ಮ ಕೈಯಲ್ಲೇ ಇರಲಿಲ್ಲ. ಹೊರಗಿನ ಪ್ರಪಂಚದಲ್ಲೂ ಹಾಗೆಯೇ: ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ 1989ರಲ್ಲಿ ಮುರಿದುಬಿತ್ತು, ಆಮೇಲೆ ವಿಯೆಟ್ನಾಮಿನ ರೊಬಸ್ಟಾ ಪ್ರವಾಹದಂತೆ ಬಂತು. ಅಡಿಕೆಯಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟುವುದಕ್ಕೆ ಮೊದಲಿನ ಪೇಟೆಯೇ ಬೇರೆ, ಆಮೇಲಿನದೇ ಬೇರೆ. ಈಚಿನ ವರ್ಷಗಳಲ್ಲೂ ಆಮದು ಅಡಿಕೆಯ ಕನಿಷ್ಠ ದರವನ್ನು ಕೇಂದ್ರ ಸರಕಾರ 2017ರಲ್ಲಿ ಕಿಲೋಗೆ 251 ರೂಪಾಯಿಗೂ 2023ರಲ್ಲಿ 351ಕ್ಕೂ ಏರಿಸಿತು. ಒಂದು ಅಧಿಸೂಚನೆಯಿಂದ ಪೇಟೆಯ ನೆಲವೇ ಮೇಲೆದ್ದರೆ, ಅದರ ಹಿಂದಿನ ಚಾರ್ಟು ಯಾವುದರ ಸಾಕ್ಷಿ?

ಭತ್ತದವರ ಪಾಡೂ ಇದೇ. ಅಳಿಯಂದಿರಿಗೆ ನೆಲ್ಲಿನ ಮುಂಗಡ ವಹಿವಾಟಿನ ಮೇಲೂ ನಿಯಮ ಹೂಡುವ ಆಸೆಯಿತ್ತು. 2021ರ ಡಿಸೆಂಬರಿನಲ್ಲಿ ಸೆಬಿ ಬಾಸ್ಮತಿಯಲ್ಲದ ಭತ್ತವೂ ಸೇರಿ ಏಳು ಸರಕುಗಳ ಮುಂಗಡ ವಹಿವಾಟನ್ನೇ ನಿಲ್ಲಿಸಿತು. ಎಷ್ಟು ಚೆನ್ನಾಗಿ ಪರೀಕ್ಷಿಸಿದ್ದರೂ ಆ ನಿಯಮಕ್ಕೆ ಅಂಗಡಿಯೇ ಇಲ್ಲದಾಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹೊಳೆಗೆ ಹರಿಯುತ್ತಿರುವಾಗ ಎಡದಂಡೆ, ಬಲದಂಡೆಯ ರೈತರೆಲ್ಲ ಎದೆ ಹಿಡಿದುಕೊಂಡು ಕೂತಿದ್ದರು. ಒಂದು ವಾರದೊಳಗೆ ತಾತ್ಕಾಲಿಕ ತಡೆ ಇಳಿಸಿದ್ದು ತಜ್ಞರ ಸಾಹಸವೇ. 1950ರ ದಶಕದಿಂದ ನಿಂತ ಅಣೆಕಟ್ಟಿನ ಹಿಂದಿನ ದರಪಟ್ಟಿಗಳಲ್ಲಿ ಇಂಥ ವಾರ ಒಂದೂ ಇರಲಿಲ್ಲ. ಹಿಂದೆ ಆಗಿರದ ಸಂಗತಿಯನ್ನು ಹಿಂದಿನ ದರದ ಮೇಲೆ ಪರೀಕ್ಷಿಸಲಾಗದು. ನಮಗೆ ಬ್ರೆಜಿಲಿನ ಹಿಮವೂ ಹಾಗೆಯೇ. 1975, 1994, 2021ರಲ್ಲಿ ಬಿತ್ತು, ಮುಂದಿನದು ಯಾವ ವರ್ಷ ಎಂದು ಯಾವ ಸರಾಸರಿಯೂ ಹೇಳದು.

ಮಂಡಳಿಯ ಮುಂದೆ ನಾವು ಒತ್ತಿ ಹೇಳಿದ ಮಾತು ಇನ್ನೊಂದು. ಒಬ್ಬ ಬೆಳೆಗಾರ ಹತ್ತು ಚೀಲ ಮಾರಿದರೆ ದರ ಅಲುಗುವುದಿಲ್ಲ. ಆದರೆ ಸಂಘದ ಎಲ್ಲ ಸದಸ್ಯರ ಅಡಿಕೆ ಒಂದೇ ಗೋದಾಮಿನಲ್ಲಿದ್ದು, ನಿಯಮ 'ಮಾರು' ಎಂದ ವಾರವೇ ಎಲ್ಲವೂ ಟೆಂಡರಿಗೆ ಬಂದರೆ, ಅದೂ ದರ ಇಳಿಯುತ್ತಿರುವ ವಾರದಲ್ಲಿ, ಖರೀದಿದಾರರು ಹಿಂದಿನ ದರವನ್ನೇ ಬರೆಯುತ್ತಾರೆಯೇ? ಅವರಿಗೂ ಫೋನು ಇದೆ, ಅವರ ಮಕ್ಕಳೂ ಓದಿದ್ದಾರೆ. ನಮ್ಮ ನಿಯಮ ಅವರಿಗೆ ತಿಳಿಯಲು ಒಂದು ಹಂಗಾಮು ಸಾಕು. ಹಳೆಯ ಚಾರ್ಟಿನಲ್ಲಿ ನಮ್ಮ ಚೀಲಗಳು ಇರಲಿಲ್ಲ. ಅವು ಬಂದ ಮೇಲೆ ಅದು ಅದೇ ಚಾರ್ಟಾಗಿ ಉಳಿಯುವುದಿಲ್ಲ.

ಒಂದು ಕಹಿ ಸಂಗತಿಯನ್ನೂ ಹೇಳಲೇಬೇಕು. ನಮ್ಮ ಸದಸ್ಯರೊಬ್ಬರ ಮಗ ಕಳೆದ ಹಂಗಾಮಿನ ಅಡಿಕೆ ಹಣವನ್ನು, 'ಪರೀಕ್ಷಿಸಿದ ನಿಯಮ' ಎಂದು ಫೋನಿನಲ್ಲಿ ಯಾರೋ ಮಾರಿದ್ದನ್ನು ನಂಬಿ, ಷೇರು ಪೇಟೆಯ ಆಪ್ಷನ್ ವಹಿವಾಟಿಗೆ ಹಾಕಿದರು. ಗೊಬ್ಬರದ ಸಾಲ ಇಂದಿಗೂ ಬಾಕಿಯಿದೆ. ತಂದೆ ನಮ್ಮ ಕಚೇರಿಯ ಬೆಂಚಿನ ಮೇಲೆ ಕೂತು ತಲೆ ಎತ್ತಲಿಲ್ಲ. ಆ ಹುಡುಗನೊಬ್ಬನೇ ದಡ್ಡನಲ್ಲ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರು ಮುಂಗಡ ಮತ್ತು ಆಪ್ಷನ್ ವಹಿವಾಟು ಮಾಡಿದ 1 ಕೋಟಿಗೂ ಮೀರಿದ ವ್ಯಕ್ತಿಗಳಲ್ಲಿ ಶೇಕಡ 93 ಮಂದಿ ನಷ್ಟಕ್ಕೊಳಗಾದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತು ಎಂದು ಸೆಬಿಯೇ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದೆ. ಯಾರಾದರೂ ನಿಯಮವೊಂದನ್ನು ಮಾರಲು ಬಂದರೆ, ಗೆದ್ದ ವರ್ಷಗಳ ಚಾರ್ಟನ್ನು ನೋಡುತ್ತ ಕೂರದೆ ಮೂರು ಪ್ರಶ್ನೆ ಕೇಳಿ: ಎಷ್ಟು ನಿಯಮ ಓಡಿಸಿ ಇದನ್ನು ಆರಿಸಿದಿರಿ? ಖರ್ಚು, ಬಡ್ಡಿ ಕಳೆದಿದ್ದೀರಾ? ಆರಿಸಿದ ದಿನದ ನಂತರ ಇದು ಹೇಗೆ ಓಡಿದೆ? ಮೂರನೆಯದಕ್ಕೆ ಉತ್ತರ ಬರುವ ಮೊದಲೇ ಬಹಳ ಮಂದಿ ಎದ್ದು ಹೋಗುತ್ತಾರೆ.

ಹಾಗೆಂದು ತರುಣರ ಶ್ರಮವನ್ನು ಮಂಡಳಿ ತಳ್ಳಿಹಾಕಿಲ್ಲ. ಈಡಿನ ಸಾಲಕ್ಕೆ ನಿಯಮವನ್ನು ಜೋಡಿಸುವ ಸಲಹೆಯನ್ನು ಸದ್ಯಕ್ಕೆ ಮುಂದೂಡಿದೆ. ಅದರ ಬದಲು ನಿಯಮವನ್ನು ಈಗಲೇ ಬರೆದು, ಅಧ್ಯಕ್ಷರ ಮತ್ತು ಇಬ್ಬರು ತರುಣ ಸದಸ್ಯರ ಸಹಿ ಹಾಕಿಸಿ ಲಕೋಟೆಯಲ್ಲಿಟ್ಟು, ಎರಡು ಹಂಗಾಮು ಕಾಗದದ ಮೇಲೆ ಮಾತ್ರ ಓಡಿಸುವುದೆಂದು ತೀರ್ಮಾನವಾಗಿದೆ. ಪ್ರತಿ ಶನಿವಾರ ನಿಯಮ ಏನು ಹೇಳಿತೆಂದು ಬರೆಯುವುದು, ಮರುವಾರದ ಸಾಮಾನ್ಯ ದರಕ್ಕೆ ಮಾರಿದಂತೆ ಹಿಡಿಯುವುದು, ಪಕ್ಕದಲ್ಲೇ ಮೂರು ಪಾಲಿನ ಲೆಕ್ಕವನ್ನೂ ಇಡುವುದು. ಎರಡು ಸಾಕ್ಷಿ ಬಹಳ ಕಡಿಮೆ ಎಂಬುದು ನಮಗೆ ಗೊತ್ತು. ಆದರೆ ಅವು ಯಾರೂ ಮುಂಚಿತವಾಗಿ ನೋಡಿರದ ಸಾಕ್ಷಿಗಳು. ಸಾಣಾಪುರದಲ್ಲೂ ಅಳಿಯಂದಿರು ನೆಲ್ಲಿನ ಪುಸ್ತಕವನ್ನು ಹೀಗೆಯೇ ತೆರೆದಿದ್ದಾರೆ. ಅರ್ಧವನ್ನು ಮಾತ್ರ ನಿಯಮಕ್ಕೆ ಬಿಟ್ಟು ಇನ್ನರ್ಧವನ್ನು ಕಟಾವಿನಲ್ಲೇ ಕೊಟ್ಟರೆಂದು ಅಕ್ಕನ ಮಗಳು ಫೋನಿನಲ್ಲಿ ತಿಳಿಸಿದಳು.

ತಾವೂ ಒಂದು ಪುಸ್ತಕ ತೆರೆಯಲು ಇಚ್ಛಿಸಿದರೆ ಬೇಕಾದ ಅಂಕಣಗಳು: ದಿನಾಂಕ, ಮಾರುಕಟ್ಟೆ, ತರ, ಸಾಮಾನ್ಯ ದರ, ತಮಗೆ ನಿಜವಾಗಿ ಸಿಕ್ಕ ದರ, ತೂಕ (ಇಟ್ಟಾಗ ಮತ್ತು ಮಾರಿದಾಗ), ಬಡ್ಡಿ, ಇತರ ಖರ್ಚು, ಮತ್ತು ಆ ದಿನ ಯಾಕೆ ಮಾರಿದಿರಿ ಎಂಬ ಒಂದು ಸಾಲು. ಕೊನೆಯ ಅಂಕಣವನ್ನು ಅಂದೇ ಬರೆಯಬೇಕು; ಆಮೇಲೆ ಬರೆದದ್ದಕ್ಕೆ ಬೆಲೆಯಿಲ್ಲ. ಸಂಘದ ಕಚೇರಿಯಲ್ಲಿ ಗೆರೆ ಹಾಕಿದ ಪುಸ್ತಕಗಳು ದೊರೆಯುತ್ತವೆ. ರಾಶಿ ಇಡಿ, ಬೆಟ್ಟೆ, ಚಾಲಿ ಮತ್ತು ರೊಬಸ್ಟಾ ಚೆರ್ರಿಯ ಹಿಂದಿನ ವರ್ಷಗಳ ವಾರದ ದರಗಳನ್ನು ಗುಮಾಸ್ತರು ಪಟ್ಟಿ ಮಾಡುತ್ತಿದ್ದಾರೆ. ಅದು ಮುಗಿದ ಕೂಡಲೇ ಬಯಸಿದ ಸದಸ್ಯರಿಗೆ ನಕಲು ಕೊಡಲಾಗುವುದು. ತಮ್ಮ ಮನೆಯ ಹಳೆಯ ಮಾರಾಟ ಚೀಟಿಗಳನ್ನು ಸಾಲು ಪಟ್ಟಿಗೆ ಸೇರಿಸಲು ಕೊಟ್ಟರೆ ಉಪಕಾರ. ನಷ್ಟವಾದ ವರ್ಷದ ಚೀಟಿಗಳನ್ನು ದಯವಿಟ್ಟು ತೆಗೆದಿಡಬೇಡಿ, ಅವೇ ನಮಗೆ ಹೆಚ್ಚು ಬೇಕಾಗಿರುವುದು.